ಘಾಟ್ಕೋಪರ್ ಚಾಳ್ ರೂಮಿಗೆ ಲಾಫ್ಟ್: ಸಾಮಾನಿಗೋ, ಮಲಗೋಕೋ?

ಘಾಟ್ಕೋಪರ್_ಕನ್ನಡಿಗ: ಮುಂಬೈ ಚಾಳಲ್ಲಿ ನಮ್ಮ ರೂಮು 10×12 ಅಡಿ, ಎತ್ತರ ಹನ್ನೊಂದೂವರೆ. 4 ಅಡಿ ಅಗಲದ ಪೋಟ್‌ಮಾಳಾ (ಲಾಫ್ಟ್‌ಗೆ ಇಲ್ಲಿನ ಹೆಸರು, ರೂಮಿನೊಳಗಿನ ಅಟ್ಟ) ಹಾಕಿಸಿದರೆ ಮಗ ಮೇಲೆ ಮಲಗಬಹುದಾ?

ಸ್ಟ್ರಕ್ಚರ್_ಭಟ್ಟ: ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಲಾಫ್ಟ್ ಇರೋದು ಸಾಮಾನಿಗೆ. ಕೆಳಗೆ 2.2 ಮೀಟರ್ ಬಿಡಬೇಕು, ಮೇಲೆ 1.5 ಮೀಟರ್ ದಾಟಬಾರದು. ಜನ ಇರೋದಾದ್ರೆ ಅದು ಮೆಜನೈನ್, ಅಂದರೆ ನಡುವಿನ ಅಂತಸ್ತು, ಮೇಲೂ 2.2 ಬೇಕು. ನಿಮ್ಮದು ಒಟ್ಟು 3.5 ಮೀಟರ್. ಮೇಲೆ ಕೂರಬಹುದು ಅಷ್ಟೇ, ನಿಲ್ಲೋಕಾಗಲ್ಲ.

ಗಿರಗಾಂವ್_ಗೌಡ: ಪುಸ್ತಕ ಸರಿ ಸ್ವಾಮಿ, ಅರ್ಧ ಮುಂಬೈ ಪೋಟ್‌ಮಾಳಾದಲ್ಲೇ ಮಲಗುತ್ತೆ!

ಸ್ಟ್ರಕ್ಚರ್_ಭಟ್ಟ: ಮಲಗುತ್ತೆ, ಪಕ್ಕದಲ್ಲೇ ಸೀಲಿಂಗ್ ಫ್ಯಾನ್ ರೆಕ್ಕೆ ತಿರುಗ್ತಾ ಇರುತ್ತೆ. ನಿದ್ದೆಗಣ್ಣಲ್ಲಿ ಕೈ ಎತ್ತಿದರೆ ಏನಾಗುತ್ತೆ? ತಗಡಿನ ಛಾವಣಿ ಆದರೆ ಏಪ್ರಿಲ್‌ನಲ್ಲಿ ಬಿಸಿಗಾಳಿಯೆಲ್ಲ ಅಲ್ಲೇ ನಿಲ್ಲುತ್ತೆ.

ವೆಲ್ಡಿಂಗ್_ಮಾಸ್ತರ: ಮೊದಲು ಕಬ್ಬಿಣದ ಮಾತಾಡಿ. 10 ಅಡಿ ಉದ್ದಕ್ಕೆ ಫ್ಯಾಬ್ರಿಕೇಟರ್ 40×40×5 ಎಂಎಂ ಆಂಗಲ್ (L ಆಕಾರದ ಕಬ್ಬಿಣ) ಕೊಟ್ಟರೆ ಬೇಡ ಅನ್ನಿ, ನಡುವೆ ಜೋತುಬೀಳುತ್ತೆ. ಮುಂದಿನ ಅಂಚಿಗೆ 100 ಎಂಎಂ ಚಾನೆಲ್ (C ಆಕಾರದ್ದು), ಒಂದೂವರೆಯಿಂದ ಎರಡು ಅಡಿಗೊಂದು ಅಡ್ಡಪಟ್ಟಿ, ಮೇಲೆ 18 ಎಂಎಂ ಬಿಡಬ್ಲ್ಯೂಪಿ (ನೀರು ತಡೆಯೋ) ಪ್ಲೈ. ಸಿಮೆಂಟ್ ಬೋರ್ಡ್‌ಗೆ ಗೆದ್ದಲು ಹಿಡಿಯಲ್ಲ, ಆದರೆ ತೂಕ ಪ್ಲೈಗಿಂತ ಹೆಚ್ಚುಕಡಿಮೆ ಎರಡರಷ್ಟು.

ಸ್ಟ್ರಕ್ಚರ್_ಭಟ್ಟ: ಚದರ ಮೀಟರಿಗೆ 200 ಕೆಜಿ ಹಿಡಿದರೂ 3.7 ಚದರ ಮೀಟರಿಗೆ 740 ಕೆಜಿ. ಮೇಲೆ 200 ಲೀಟರ್ ನೀರಿನ ಡ್ರಮ್ ಮಾತ್ರ ಇಡಬೇಡಿ. ಅದು ಕೂರೋದು ಬರೀ ಕಾಲು ಚದರ ಮೀಟರ್ ಮೇಲೆ, ಅಂದರೆ ಲೆಕ್ಕದ ನಾಲ್ಕರಷ್ಟು ಭಾರ.

ಮಜಗಾಂವ್_ಮಂಗಳೂರಿಗ: ಲಾಫ್ಟ್ ಅಂತ ನೋಡಿ ಬಂದೆ 😄 ನಮ್ಮ ಹಡಗುಕಟ್ಟೆ ಭಾಷೇಲಿ ಮೋಲ್ಡ್ ಲಾಫ್ಟ್ ಅಂದರೆ ಹಡಗಿನ ಗೆರೆಗಳನ್ನ ನೆಲದ ಮೇಲೆ ನಿಜ ಅಳತೆಯಲ್ಲೇ ಎಳೆಯೋ ಹಾಲ್. ಈಗ ಕಂಪ್ಯೂಟರಲ್ಲೇ ಆಗುತ್ತೆ, ಹೆಸರು ಉಳಿದಿದೆ.

ಗಿರಗಾಂವ್_ಗೌಡ: ಮಂಗಳೂರಿಗರೇ, ಇಲ್ಲಿ ಹಡಗಲ್ಲ, ಹಾಸಿಗೆ. ಇನ್ನು ಗೋಡೆ? ಹಳೇ ಚಾಳುಗಳಲ್ಲಿ ಮರದ ಚೌಕಟ್ಟು, ನಡುವೆ ಇಟ್ಟಿಗೆ ತುಂಬಿರ್ತಾರೆ. ಆ ಇಟ್ಟಿಗೆಗೆ ಆಂಕರ್ ಬೋಲ್ಟ್ ಹೊಡೆದರೆ ಪ್ಲಾಸ್ಟರ್ ಸಮೇತ ಕೈಗೆ ಬರುತ್ತೆ.

ವೆಲ್ಡಿಂಗ್_ಮಾಸ್ತರ: ಭಾರ ಹೊರೋ 9 ಇಂಚಿನ ಗೋಡೆ ಆದರೆ 6 ಇಂಚು ಒಳಗೆ ಕೊರೆದು, ಪ್ಲೇಟ್ ಇಟ್ಟು ಚಾನೆಲ್ ಕೂರಿಸಿ. ನಾಲ್ಕಿಂಚಿನ ಪಾರ್ಟಿಶನ್ ಆದರೆ ಗೋಡೆಗೆ ಭಾರ ಬೇಡವೇ ಬೇಡ, ನಾಲ್ಕು ಮೂಲೆಗೆ ಪೈಪಿನ ಕಾಲು ಕೊಡಿ. ಆದರೆ ಕಾಲು ಇಳಿಯೋದು ಕೆಳಗಿನ ಮನೆಯ ಮರದ ತೊಲೆ ಮೇಲೋ, ನೆಲದ ಮೇಲೋ?

ಘಾಟ್ಕೋಪರ್_ಕನ್ನಡಿಗ: ಎರಡನೇ ಮಾಳಿಗೆ. ಕೆಳಗೆ ಮರದ ತೊಲೆ.

ಸ್ಟ್ರಕ್ಚರ್_ಭಟ್ಟ: ಹಾಗಾದ್ರೆ ವೆಲ್ಡರ್‌ಗೆ ಅಡ್ವಾನ್ಸ್ ಕೊಡಬೇಡಿ. ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ತೊಲೆಯ ತುದಿ ನೋಡಿಸಿ. ಗೋಡೆಯೊಳಗೆ ಹೋಗೋ ಜಾಗದಲ್ಲೇ ಮಳೆನೀರು ಕುಡಿದು ಕೊಳೆತಿರುತ್ತೆ, ಹೊರಗಿಂದ ಗಟ್ಟಿಯಾಗೇ ಕಾಣುತ್ತೆ.