ಮಲೇರಿಯಾ ವಾಪಸ್ ಬಂದ್ರೆ ಮಾತ್ರೆ ತಪ್ಪಾ?

ಸುರೇಶ ಚಿಕ್ಕಪ್ಪ: *ಫಾರ್ವರ್ಡ್* ಎಚ್ಚರ!! ಮಂಗಳೂರಿನಲ್ಲಿ ಮಾತ್ರೆಗೆ ಬಗ್ಗದ ಹೊಸ ತಳಿ ಮಲೇರಿಯಾ! ಮಾತ್ರೆ ತಿಂದವರಿಗೂ ಮತ್ತೆ ಜ್ವರ. ಎಲ್ಲರಿಗೂ ಕಳಿಸಿ 🙏

ವಿದ್ಯಾ: ಚಿಕ್ಕಪ್ಪ, ಇದರಲ್ಲಿ ತಾರೀಕಿಲ್ಲ, ಯಾವ ಮಲೇರಿಯಾ ಅಂತಲೂ ಇಲ್ಲ. ಸುಮ್ನೆ ಹೆದರಿಸೋದು.

ಸುರೇಶ ಚಿಕ್ಕಪ್ಪ: ನಮ್ಮ ದಿನೇಶನಿಗೆ ಆಟಿಯಲ್ಲಿ ಬಂತು, ಮಾತ್ರೆ ತಗೊಂಡ, ಗುಣ ಆಯ್ತು. ನವರಾತ್ರಿಗೆ ಮತ್ತೆ ಬಂತಲ್ಲ! ಅದೇನು ಸುಳ್ಳಾ?

ವಿದ್ಯಾ: ಸುಳ್ಳಲ್ಲ. ಆದರೆ ದಿನೇಶಣ್ಣನಿಗೆ ಬಂದದ್ದು ವೈವಾಕ್ಸ್ ಅನ್ನೋ ಜಾತಿಯ ಮಲೇರಿಯಾ. ಅದರ ರೋಗಾಣು ರಕ್ತದಲ್ಲಷ್ಟೇ ಅಲ್ಲ, ಸ್ವಲ್ಪ ಲಿವರ್‌ನಲ್ಲೂ ಮಲಗಿರುತ್ತದೆ. 3 ದಿನದ ಕ್ಲೋರೋಕ್ವಿನ್ ರಕ್ತದಲ್ಲಿ ಇರೋದನ್ನು ಕೊಲ್ಲುತ್ತದೆ, ಮಲಗಿದ್ದನ್ನು ಮುಟ್ಟುವುದಿಲ್ಲ. ಅದಕ್ಕೇ ಪ್ರೈಮಾಕ್ವಿನ್, 14 ದಿನ. ಪೂರ್ತಿ ತಗೊಂಡಿದ್ದಾರಾ?

ಲಲಿತಾ ಅತ್ತೆ: ಎಲ್ಲಿ! ಸ್ಟ್ರಿಪ್ ಇನ್ನೂ ಫ್ರಿಜ್ ಮೇಲೆ ಉಂಟು, ಅರ್ಧ ಹಾಗೇ ಉಂಟು 😡

ಸುರೇಶ ಚಿಕ್ಕಪ್ಪ: ಹಾಗಾದ್ರೆ ತಳಿ ಗಿಳಿ ಎಲ್ಲ ಬುರುಡೆ ಅಂತೀಯಾ?

ವಿದ್ಯಾ: ಅದೂ ಅಲ್ಲ! ವೈವಾಕ್ಸ್‌ನಲ್ಲೇ ಬೇರೆ ಬೇರೆ ತಳಿ ಇವೆ. ಚೆಸ್ಸನ್ ಅಂತ ಒಂದು, 1944ರಲ್ಲಿ ನ್ಯೂಗಿನಿಯಲ್ಲಿ ಸೋಂಕು ಹತ್ತಿಸಿಕೊಂಡ ಅಮೆರಿಕದ ಸೈನಿಕನ ರಕ್ತದಿಂದ ತೆಗೆದದ್ದು, ಅದು ತಿಂಗಳಿಗೊಮ್ಮೆ ಅನ್ನೋ ಹಾಗೆ ಮರುಕಳಿಸುತ್ತದೆ. ಕೊರಿಯಾದ್ದು ಉಲ್ಟಾ. ಅಲ್ಲಿ ಯುದ್ಧಕ್ಕೆ ಹೋಗಿ ಸೊಳ್ಳೆ ಕಚ್ಚಿಸಿಕೊಂಡವರು ಊರಿಗೆ ಬಂದು ಆರಾಮಾಗಿ ಇರ್ತಿದ್ದರು, ಎಷ್ಟೋ ತಿಂಗಳಾದ ಮೇಲೆ ಚಳಿಜ್ವರ! ಆಮೇಲೆ ವಾಪಸ್ ಬರೋ ಹಡಗಿನಲ್ಲೇ ಪ್ರೈಮಾಕ್ವಿನ್ ನುಂಗಿಸೋಕೆ ಶುರು ಮಾಡಿದರು. ಚಳಿ ದೇಶದಲ್ಲಿ ಸೊಳ್ಳೆ ಇರೋದೇ ವರ್ಷದಲ್ಲಿ ಸ್ವಲ್ಪ ದಿನ, ಮುಂದಿನ ಬೇಸಿಗೆ ತನಕ ಕಾಯುವ ತಳಿಯೇ ಅಲ್ಲಿ ಬದುಕೋದು.

ಪ್ರಕಾಶ್ ಮಾವ: ಮಾತ್ರೆಗೆ ಬಗ್ಗದ್ದೂ ಉಂಟು ಮಾರಾಯ್ತಿ. ನಾವು ಅಸ್ಸಾಂನಲ್ಲಿದ್ದಾಗ ಅದೇ ಮಾತು.

ವಿದ್ಯಾ: ಉಂಟು ಮಾವ, ಅದು ಫಾಲ್ಸಿಪಾರಂ ಅನ್ನೋ ಇನ್ನೊಂದು ಜಾತಿ. 1973ರಲ್ಲೇ ಅಸ್ಸಾಂನಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ್ದು ಸಿಕ್ಕಿತ್ತು. ಈಗ ಅದಕ್ಕೆ ಜೋಡಿ ಮದ್ದು, ಈಶಾನ್ಯ ರಾಜ್ಯಗಳಲ್ಲಿ ಆ ಜೋಡಿಯೂ ಬೇರೆ. ಮದ್ದು ನುಂಗುತ್ತಾ ಇರುವಾಗಲೂ ರಕ್ತ ಪರೀಕ್ಷೆಯ ಸ್ಲೈಡಿನಲ್ಲಿ ರೋಗಾಣು ಕಾಣ್ತಾನೇ ಇದ್ರೆ ಆಗ ಸಂಶಯ ಪಡಬೇಕು. ಎರಡು ಮೂರು ತಿಂಗಳು ಬಿಟ್ಟು ಬಂದ್ರೆ ಲಿವರ್‌ನಲ್ಲಿ ಇದ್ದದ್ದು ಎದ್ದಿರಬಹುದು, ಇಲ್ಲಾ ಹೊಸ ಸೊಳ್ಳೆ ಕಚ್ಚಿರಬಹುದು. ಅಣ್ಣನ ಮನೆ ಪಕ್ಕದಲ್ಲಿ ಕಟ್ಟಡದ ಕೆಲಸ, ಸ್ಲ್ಯಾಬ್ ಮೇಲೆ ನೀರು ನಿಂತೇ ಇದೆ ಅಲ್ವಾ.

ಲಲಿತಾ ಅತ್ತೆ: ಉಳಿದ ಮಾತ್ರೆ ಈಗ ಕೊಡ್ಲಾ?

ವಿದ್ಯಾ: ಅಯ್ಯೋ ಬೇಡ ಅತ್ತೆ! ಡಾಕ್ಟರ ಹತ್ರ ಹೋಗಲಿ, ಹಳೇ ಸ್ಟ್ರಿಪ್ಪನ್ನೂ ತೋರಿಸಲಿ. ಜಿ6ಪಿಡಿ ಟೆಸ್ಟ್ ಆಗಿದೆಯಾ ಕೇಳಿ. ಅದು ರಕ್ತಕಣವನ್ನು ಕಾಪಾಡೋ ಒಂದು ಕಿಣ್ವ, ಕಮ್ಮಿ ಇದ್ದವರಿಗೆ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯುತ್ತದೆ.

ಸುರೇಶ ಚಿಕ್ಕಪ್ಪ: ನಾನಂತೂ ಡಿಲೀಟ್ ಮಾಡಲ್ಲ. ಜನಕ್ಕೆ ಎಚ್ಚರಿಕೆ ಇರಲಿ.

ವಿದ್ಯಾ: ಇದನ್ನ ಓದಿ ಯಾರಾದ್ರೂ ಮಾತ್ರೆನೇ ಬಿಟ್ರೆ? ಕೆಳಗೆ “14 ದಿನ ಪೂರ್ತಿ” ಅಂತಾದ್ರೂ ಸೇರಿಸಿ ಕಳಿಸಿ ಚಿಕ್ಕಪ್ಪ.

ಸುರೇಶ ಚಿಕ್ಕಪ್ಪ: ನೋಡುವ.