ಚೀಲದ ಮೇಲಿನ ಚೀಟಿಯೂ ವ್ಯಾಪಾರ ಒಪ್ಪಂದವೂ

ವೇದಾವತಿ ದಂಡೆ (ಚಳ್ಳಕೆರೆ): ಕಳೆದ ವಾರ ನಮ್ಮ ಊರಿನ ಒಬ್ಬ ರೈತರು ಪಕ್ಕದ ಊರಿನ ನಾಲ್ವರಿಗೆ ಹೊಸ ತಳಿಯ ಶೇಂಗಾ ಬೀಜ ಕೊಟ್ಟರು. ಅವರ ಮಗ ಪ್ರತಿ ಚೀಲದ ಬಾಯಿಗೂ ತಳಿಯ ಹೆಸರು ಬರೆದ ಚೀಟಿ ಕಟ್ಟಿದ್ದ. ಚಹಾದ ಅಂಗಡಿಯಲ್ಲಿ ಕುಳಿತಿದ್ದ ಯಾರೋ ಅದನ್ನು ನೋಡಿ, ಹೆಸರು ಹಾಕಿ ಮಾರಿದರೆ ಕೇಸು ಬೀಳುತ್ತದೆ, ವಿಶ್ವ ವ್ಯಾಪಾರ ಸಂಸ್ಥೆಯ ಕಾನೂನು ಈಗ ಹೊಲದ ಬದುವಿಗೇ ಬಂದಿದೆ ಎಂದು ಹೆದರಿಸಿದರಂತೆ. ಇದರಲ್ಲಿ ನಿಜವೆಷ್ಟು, ಗಾಳಿಮಾತೆಷ್ಟು ಎಂದು ತಿಳಿದವರು ಹೇಳಬೇಕು.

ಕೋಟೆ ವಕೀಲ (ಚಿತ್ರದುರ್ಗ): ಎರಡೂ ಇವೆ. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದ 27.3(ಬಿ) ವಿಧಿಯ ಪ್ರಕಾರ ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಬೇಕು, ಇಲ್ಲವೇ ಪ್ರತಿ ದೇಶವೂ ತನ್ನದೇ ಆದ ಪರಿಣಾಮಕಾರಿ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ನಾವು ಎರಡನೆಯ ದಾರಿ ಹಿಡಿದು 2001ರಲ್ಲಿ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆಯನ್ನು ಮಾಡಿದೆವು. ಅದರ 39ನೇ ಕಲಮು, ಈ ಕಾಯಿದೆಯಲ್ಲಿ ಬೇರೆ ಏನೇ ಇದ್ದರೂ ಎಂದು ಆರಂಭವಾಗಿ, ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮರಳಿ ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎನ್ನುತ್ತದೆ. ಬ್ರಾಂಡ್ ಮಾಡಿದ ಬೀಜವನ್ನು ಮಾತ್ರ ಮಾರುವಂತಿಲ್ಲ. ಚೀಲದಲ್ಲಿ ತುಂಬಿ, ಇದು ಸಂರಕ್ಷಿತ ತಳಿ ಎಂದು ತಿಳಿಯುವಂತೆ ಲೇಬಲ್ ಹಚ್ಚುವುದೇ ಬ್ರಾಂಡ್ ಮಾಡುವುದು. ಆ ತಳಿ ನೋಂದಣಿಯಾಗಿದ್ದರೆ ಹುಡುಗ ಕಟ್ಟಿದ ಚೀಟಿ ಅಷ್ಟರಮಟ್ಟಿಗೆ ತೊಡಕಿನದು. ಬೀಜ ಕೊಟ್ಟದ್ದು ತಪ್ಪಲ್ಲ.

ಮಂಡಿಪೇಟೆ ಬೀಜದಂಗಡಿ (ದಾವಣಗೆರೆ): ಇಪ್ಪತ್ತು ವರ್ಷದಿಂದ ಬೀಜ ಮಾರುತ್ತಿರುವ ನನಗೆ ಈ ಕಾಯಿದೆಯ ಅಗತ್ಯ ಒಮ್ಮೆಯೂ ಕಂಡಿಲ್ಲ. ನಮ್ಮ ಕಡೆ ಹೋಗುವುದೆಲ್ಲ ಹೈಬ್ರಿಡ್ ಮೆಕ್ಕೆಜೋಳ. ಈ ವರ್ಷದ ಕಾಳನ್ನು ಉಳಿಸಿ ಮುಂದಿನ ಮುಂಗಾರಿಗೆ ಬಿತ್ತಿದರೆ ಒಂದು ಗಿಡ ಎದೆಮಟ್ಟ, ಇನ್ನೊಂದು ಮೊಣಕಾಲುಮಟ್ಟ, ತೆನೆಯಲ್ಲಿ ಅರ್ಧ ಕಾಳು. ರೈತ ತಾನಾಗಿಯೇ ಮತ್ತೆ ಅಂಗಡಿಗೆ ಬರುತ್ತಾನೆ. ಕಂಪನಿಯ ಬೀಗ ಬೀಜದ ಒಳಗೇ ಇರುವಾಗ ಕೋರ್ಟು ಏಕೆ ಬೇಕು?

ಅರ್ಥಶಾಸ್ತ್ರದ ಮೇಷ್ಟ್ರು (ದಾವಣಗೆರೆ): ಬೀಜದಂಗಡಿಯವರ ಮಾತು ಹೈಬ್ರಿಡ್‌ಗೆ ಸರಿ, ಎಲ್ಲ ಬೆಳೆಗೂ ಅಲ್ಲ. ಹತ್ತಿಯನ್ನು ನೋಡಿ. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು, ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಕಾಯಿಕೊರಕವನ್ನು ತಡೆಯಲೆಂದು ವಂಶವಾಹಿ ಸೇರಿಸಿದ ಬಿಟಿ ಹತ್ತಿ ಬೀಜದ 450 ಗ್ರಾಂ ಪ್ಯಾಕೆಟ್ಟಿನ ಬೆಲೆಯನ್ನು 800 ರೂಪಾಯಿಗೆ ನಿಗದಿಪಡಿಸಿ, ಅದರಲ್ಲಿ ತಂತ್ರಜ್ಞಾನದ ಶುಲ್ಕವನ್ನು 49 ರೂಪಾಯಿಗೆ ಇಳಿಸಿತು. ಮುಂದೆ ಅದು ಸೊನ್ನೆಗೇ ಬಂತು. ರೈತರಿಗೆ ಉಳಿತಾಯವಾಯಿತು, ಒಪ್ಪಿದೆ. ಆದರೆ ಅದೇ ವರ್ಷ ಮುಂದಿನ ಪೀಳಿಗೆಯ ಹತ್ತಿಗೆ ಅನುಮತಿ ಕೇಳಿದ್ದ ಅರ್ಜಿಯನ್ನು ಆ ತಂತ್ರಜ್ಞಾನದ ಕಂಪನಿ ಹಿಂದೆಗೆದುಕೊಂಡಿತು. ಗುಲಾಬಿ ಕಾಯಿಕೊರಕ ಹಳೆಯ ಬಿಟಿಗೆ ಜಗ್ಗದಿರುವ ಈ ಹೊತ್ತಿನಲ್ಲಿ ಅದರ ಬೆಲೆ ತೆರುತ್ತಿರುವವರು ಯಾರು?

ಹಳೆ ಹಸಿರು ಶಾಲು (ಹೊಳಲ್ಕೆರೆ): ಮೇಷ್ಟ್ರೇ, ಕಂಪನಿ ಹಿಂದೆಗೆದುಕೊಂಡದ್ದು ಕಳೆನಾಶಕವನ್ನು ತಾಳುವ ಹತ್ತಿ. ಅದಕ್ಕೂ ಗುಲಾಬಿ ಹುಳುವಿಗೂ ಏನು ಸಂಬಂಧ? ಈ ವ್ಯಾಪಾರ ಒಪ್ಪಂದಗಳಿಗೆ ಬುನಾದಿಯಾದ ಡಂಕೆಲ್ ಕರಡಿನ ಕಾಲದಲ್ಲಿ ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿಯವರ ಹಿಂದೆ ಬೆಂಗಳೂರಿಗೆ ಹೋದವರಲ್ಲಿ ನಾನೂ ಒಬ್ಬ. ಅಂದು ನಾವು ಕೂಗಿದ್ದರಲ್ಲಿ ಅತಿಶಯೋಕ್ತಿ ಇತ್ತು ಎಂದು ಈಗ ಒಪ್ಪುತ್ತೇನೆ. ಬೀಜ ಉಳಿಸಿದವರನ್ನೆಲ್ಲ ಜೈಲಿಗೆ ಹಾಕುತ್ತಾರೆ ಎನ್ನುತ್ತಿದ್ದೆವು. ಆದರೆ 39ನೇ ಕಲಮು ತಾನಾಗಿ ಹುಟ್ಟಲಿಲ್ಲ, ಆ ಗದ್ದಲದ ಪಾಲೂ ಅದರಲ್ಲಿದೆ. ಕಲಮು ಇದ್ದೂ 2019ರಲ್ಲಿ ತನ್ನ ನೋಂದಾಯಿತ ತಳಿಯನ್ನು ಬೆಳೆದರೆಂದು ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೊ ಮೊಕದ್ದಮೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿಗೂ ಮಿಕ್ಕಿ ಪರಿಹಾರ ಕೇಳಲಿಲ್ಲವೇ?

ಕೋಟೆ ವಕೀಲ: ಹೂಡಿತು, ಮೇ ತಿಂಗಳಲ್ಲಿ ಹಿಂದಕ್ಕೂ ಪಡೆಯಿತು. 2021ರ ಡಿಸೆಂಬರಿನಲ್ಲಿ ತಳಿಗಳನ್ನು ನೋಂದಾಯಿಸುವ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದುಮಾಡಿತು. ಆದರೆ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು ಎಂಬುದನ್ನೂ ಸೇರಿಸಿ ಹೇಳಬೇಕು. ಅರ್ಧ ಕಥೆಯನ್ನೇ ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ.

ಇನ್ನು ನಿಜವಾದ ಆತಂಕವಿರುವುದು ಟ್ರಿಪ್ಸ್‌ನಲ್ಲಲ್ಲ. ಅದರಲ್ಲಿ ಯುಪಿಒವಿ, ಅಂದರೆ ಹೊಸ ಸಸ್ಯ ತಳಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಎಂಬ ಹೆಸರೇ ಇಲ್ಲ. ಮುಂದುವರಿದ ದೇಶಗಳು ಬಿಡಿಬಿಡಿಯಾಗಿ ಮಾಡಿಕೊಳ್ಳುವ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ 1991ರ ಯುಪಿಒವಿ ಒಡಂಬಡಿಕೆಗೆ ಸೇರಬೇಕೆಂಬ ಷರತ್ತು ಅನೇಕ ಕಡೆ ಬಂದಿದೆ. ಆ ಒಡಂಬಡಿಕೆಯ ಪ್ರಕಾರ ರೈತ ತನ್ನ ಹೊಲಕ್ಕೆ ಬೀಜ ಉಳಿಸಿಕೊಳ್ಳುವುದು ಆಯಾ ದೇಶ ಇಷ್ಟಪಟ್ಟರೆ ಕೊಡಬಹುದಾದ ವಿನಾಯಿತಿ. ನೆರೆಯವನಿಗೆ ಮಾರುವುದಕ್ಕೆ ಅಲ್ಲಿ ಜಾಗವಿಲ್ಲ. ಭಾರತ ಇಂದಿಗೂ ಅದರ ಸದಸ್ಯನಲ್ಲ. ಜವಳಿಗೋ ಔಷಧಿಗೋ ಸುಂಕ ಇಳಿಸಿಕೊಳ್ಳುವ ಆಸೆಗೆ ನಮ್ಮ 39ನೇ ಕಲಮನ್ನು ಬಿಟ್ಟುಕೊಟ್ಟರೆ ಚೀಟಿ ಕಟ್ಟದ ಚೀಲಕ್ಕೂ ತೊಂದರೆಯಾಗುತ್ತದೆ.

ಅರ್ಥಶಾಸ್ತ್ರದ ಮೇಷ್ಟ್ರು: ಹತ್ತಿಯ ಉದಾಹರಣೆಯಲ್ಲಿ ಎರಡು ಸಂಗತಿಗಳನ್ನು ಬೆಸೆದದ್ದು ನನ್ನ ತಪ್ಪು. ಆದರೂ ಕೇಳುತ್ತೇನೆ. ಸ್ವಕೀಯ ಪರಾಗಸ್ಪರ್ಶದಿಂದಾಗಿ ಉಳಿಸಿದ ಬೀಜವೂ ಅದೇ ತಳಿಯಾಗಿ ಬರುವ ಶೇಂಗಾದಂಥ ಬೆಳೆಯಲ್ಲಿ ರಕ್ಷಣೆ ಸಡಿಲವಾಗಿದ್ದರೆ ಹೊಸ ತಳಿಗೆ ಹಣ ಹಾಕುವವರು ಯಾರು?

ವೇದಾವತಿ ದಂಡೆ: ಇದಕ್ಕೆ ನಾನು ಉತ್ತರಿಸಬಲ್ಲೆ. ಎಕರೆ ಮೆಕ್ಕೆಜೋಳಕ್ಕೆ ಏಳೆಂಟು ಕಿಲೋ ಬೀಜ ಸಾಕು. ಶೇಂಗಾಕ್ಕೆ ಸುಲಿದ ಕಾಳೇ ನಲವತ್ತು, ಐವತ್ತು ಕಿಲೋ ಬೇಕು, ಅದೂ ಬಿತ್ತಿದ್ದರ ಹತ್ತು ಪಟ್ಟು ಬಂದರೆ ಪುಣ್ಯ. ಅಷ್ಟು ಭಾರದ ಬೀಜವನ್ನು ಗೋದಾಮಿನಲ್ಲಿಟ್ಟು, ಮೊಳಕೆ ಕೆಡದಂತೆ ಕಾಪಾಡಿ, ಲಾರಿಯಲ್ಲಿ ಸಾಗಿಸಿ ಲಾಭ ಮಾಡುವ ಕಂಪನಿ ಎಷ್ಟು ಬಿಗಿಯಾದ ಕಾನೂನು ತಂದರೂ ನಮ್ಮ ತಾಲ್ಲೂಕಿಗೆ ಬಾರದು. 1940ರಲ್ಲಿ ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಹೊರಬಂದ ಟಿಎಂವಿ-2 ತಳಿಯನ್ನು ನಮ್ಮಜ್ಜನೂ ಬಿತ್ತಿದ್ದ, ನಾನೂ ಬಿತ್ತಿದ್ದೇನೆ. ಆಮೇಲೆ ಬಂದ ಕದಿರಿ-6 ಕೂಡ ಸರ್ಕಾರಿ ಸಂಶೋಧನಾ ಕೇಂದ್ರದ್ದೇ. ಅವು ಊರಿಂದೂರಿಗೆ ಹರಡಿದ್ದು ಬಹುಪಾಲು ರೈತರ ಚೀಲಗಳಲ್ಲೇ. ಹಣ ಹಾಕಬೇಕಾದ್ದು ಕೃಷಿ ವಿಶ್ವವಿದ್ಯಾಲಯಕ್ಕೆ.

ಮಂಡಿಪೇಟೆ ಬೀಜದಂಗಡಿ: ಹೌದು, ಶೇಂಗಾ ಬೀಜ ಇಟ್ಟುಕೊಂಡು ಒಮ್ಮೆ ಕೈಸುಟ್ಟುಕೊಂಡಿದ್ದೇನೆ. ಮಳೆ ಹದಿನೈದು ದಿನ ತಡವಾಯಿತು, ಅಷ್ಟರಲ್ಲಿ ಹುಳು ಬಿತ್ತು.

ಹಳೆ ಹಸಿರು ಶಾಲು: ವಕೀಲರೇ, ಕೊನೆಗೆ ಆ ಚೀಟಿಯನ್ನು ಏನು ಮಾಡಬೇಕು? ಹೆಸರಿಲ್ಲದೆ ಕೊಟ್ಟರೆ ತೆಗೆದುಕೊಂಡವನಿಗೆ ಯಾವ ತಳಿ ಎಂದೇ ತಿಳಿಯುವುದಿಲ್ಲವಲ್ಲ.

ಕೋಟೆ ವಕೀಲ: ಬಾಯಲ್ಲಿ ಹೇಳಲಿ. ಕಾಯಿದೆ ತಡೆದಿರುವುದು ಚೀಲದ ಮೇಲಿನ ಲೇಬಲನ್ನು, ಬಾಯಿಮಾತನ್ನಲ್ಲ.

ವೇದಾವತಿ ದಂಡೆ: ಅವರ ಮಗನಿಗೆ ತಿಳಿಸಿದೆ. ಮೂರು ಚೀಲದ ಚೀಟಿ ಕಿತ್ತಿದ್ದಾನೆ. ನಾಲ್ಕನೆಯದನ್ನು ಆಗಲೇ ಬಿತ್ತಿಯಾಗಿದೆಯಂತೆ.