ಕ್ರೇನ್ ‘ನಿಲ್ಲಿಸಿದರು’ ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ವಾರದಿಂದ ತಲೆ ತಿನ್ನುತ್ತಿದೆ. ಜರ್ಮನಿಯ ಲೀಬ್‌ಹೆರ್ ಕ್ರೇನ್ ಕಂಪನಿ ಬೆಳೆದ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ.

ಕಂಪನಿ ಶುರುಮಾಡಿದ ಹಾನ್ಸ್ ಲೀಬ್‌ಹೆರ್ ಅವರದು ಕಟ್ಟಡ ಕಟ್ಟುವ ಮನೆತನ. ಯುದ್ಧ ಮುಗಿದಿತ್ತು, ಊರಿಗೆ ಊರೇ ಮತ್ತೆ ಕಟ್ಟಬೇಕಿತ್ತು. ದೊಡ್ಡ ಕ್ರೇನನ್ನು ಒಂದು ಸೈಟಿನಿಂದ ಇನ್ನೊಂದಕ್ಕೆ ಸಾಗಿಸುವುದೇ ರಗಳೆ. ಅದಕ್ಕೆ ಅವರು 1949ರಲ್ಲಿ ಟಿಕೆ 10 ಎಂಬ ಟವರ್ ಕ್ರೇನ್ ತಂದರು. ಸುಲಭವಾಗಿ ಒಯ್ಯಬಹುದು, ಸೈಟಿನಲ್ಲಿ ಬೇಗ ‘ನಿಲ್ಲಿಸಬಹುದು’. ಅದೇ ವರ್ಷ ಫ್ರಾಂಕ್‌ಫರ್ಟಿನ ಮೇಳದಲ್ಲಿ ಇಟ್ಟಾಗ ಕೊಳ್ಳುವವರು ಜಾಸ್ತಿ ಬರಲಿಲ್ಲವಂತೆ.

ನನ್ನ ತಕರಾರು ಆ ‘ನಿಲ್ಲಿಸು’ ಪದದ್ದು. ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಎದುರು ಒಂದು ಫ್ಲ್ಯಾಟ್ ಏಳುತ್ತಿದೆ. ಮೊನ್ನೆ ಅಮ್ಮನಿಗೆ ಫೋನಿನಲ್ಲಿ, “ಎದುರಿನ ಸೈಟಿನಲ್ಲಿ ಕ್ರೇನ್ ನಿಲ್ಲಿಸಿದ್ದಾರೆ” ಅಂದೆ. “ಒಳ್ಳೇದಾಯ್ತು, ಇನ್ನು ಮಧ್ಯಾಹ್ನ ಸ್ವಲ್ಪ ಮಲಗಬಹುದು” ಅಂದರು. ಪಾಪ, ಸದ್ದು ಶುರುವಾದದ್ದೇ ಅವತ್ತು!

‘ಕಟ್ಟು’ ಬಳಸೋಣ ಅಂದುಕೊಂಡೆ. ತೇರು ಕಟ್ಟುತ್ತೇವೆ, ಜಾತ್ರೆ ಮುಗಿದ ಮೇಲೆ ಬಿಚ್ಚುತ್ತೇವೆ. ಯಕ್ಷಗಾನದ ಮೇಳದವರು ರಂಗಸ್ಥಳ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ಹಾಕಿ ಮುಂದಿನ ಊರಿಗೆ ಹೊರಡುತ್ತಾರೆ. ಟಿಕೆ 10ರ ಉಪಾಯವೂ ಹೆಚ್ಚುಕಡಿಮೆ ಇದೇ ಅಲ್ವಾ? ಆದರೆ ಕ್ರೇನ್ ಕಂಪನಿಯ ಕಥೆಯಲ್ಲಿ ‘ಕ್ರೇನ್ ಕಟ್ಟಿದರು’ ಅಂದರೆ ಕಾರ್ಖಾನೆಯಲ್ಲಿ ತಯಾರಿಸಿದರು ಅಂತಲೇ ಓದುತ್ತಾರೆ. ‘ಸ್ಥಾಪಿಸಿದರು’ ಬೇಡ, ಅದು ದೇವಸ್ಥಾನಕ್ಕೆ ಇರಲಿ.

ಈಗ ಮನಸ್ಸು ‘ಎಬ್ಬಿಸು’ ಕಡೆ ವಾಲಿದೆ. ಮೇಸ್ತ್ರಿಗಳು ಗೋಡೆ ಎಬ್ಬಿಸುತ್ತಾರೆ, ಕ್ರೇನ್ ಯಾಕಾಗಬಾರದು? ಮಡಚಿ ಮಲಗಿಸಿ ತಂದು, ಸೈಟಿನಲ್ಲಿ ಎಬ್ಬಿಸುವುದು. ‘ಮಲಗಿಸು’, ‘ಎಬ್ಬಿಸು’ ಒಳ್ಳೆಯ ಜೋಡಿ. ‘ಬೆಳಗ್ಗೆ ಆರಕ್ಕೆ ಕ್ರೇನ್ ಎಬ್ಬಿಸಿದರು’ ಅಂತ ಬರೆದರೆ ನಗು ಬರುತ್ತದೆ ಅನ್ನುವುದೂ ನಿಜ. ಎದುರಿನ ಸೈಟಿನ ಸೂಪರ್‌ವೈಸರನ್ನು ಕೇಳಿದೆ. “ನಾವು ಫಿಟ್ ಮಾಡುವುದು ಅಂತೇವೆ ಮಾರಾಯ್ರೆ” ಅಂದರು. ಅಲ್ಲಿಗೆ ಮುಗಿಯಿತು.

ಮುಂದಿನ ಪುಟಗಳಲ್ಲಿ ಇಷ್ಟು ಕಷ್ಟವಿಲ್ಲ. 1954ರಲ್ಲಿ ಇದೇ ಕಂಪನಿ ಫ್ರಿಜ್ ಮಾಡಲು ಹೊರಟಿತು, 1958ರಲ್ಲಿ ಐರ್ಲೆಂಡಿನ ಕಿಲಾರ್ನಿಯಲ್ಲಿ ಕಾರ್ಖಾನೆ ತೆರೆಯಿತು. ಇವತ್ತಿಗೂ ಮನೆಯವರ ಕೈಯಲ್ಲೇ ಉಂಟು.

‘ಕ್ರೇನ್’ ಪದವನ್ನು ಮಾತ್ರ ಬದಲಿಸುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದ ಕತ್ತಿನ ಹಕ್ಕಿಗೂ ಯಂತ್ರಕ್ಕೂ ಅದೇ ಹೆಸರು. ಫ್ರೆಂಚರ ‘ಗ್ರೂ’ ಕೂಡ ಹಾಗೆಯೇ. ಹಾಗಂತ ನಾವು ‘ಕೊಕ್ಕರೆ ಯಂತ್ರ’ ಅಂದರೆ ಮೀನು ಹಿಡಿಯುವ ಯಂತ್ರವೋ ಅಂತ ಮಲ್ಪೆಯವರು ಕೇಳಿಯಾರು.

ಪಣಂಬೂರಿನ ಬಂದರಿನಲ್ಲಿ, ಮಲ್ಪೆ ಧಕ್ಕೆಯಲ್ಲಿ, ಕಟ್ಟಡದ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದೀರಾ? ಬಿಡಿಭಾಗ ಜೋಡಿಸಿ ಕ್ರೇನನ್ನು ನೆಟ್ಟಗೆ ಮಾಡುವುದಕ್ಕೆ ನಿಮ್ಮಲ್ಲಿ ಏನಂತಾರೆ? ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಬೇರೆ ಮಾತಿದ್ದರೂ ಹೇಳಿ. ಬಿಚ್ಚುವುದಕ್ಕೆ ಏನಂತಾರೆ ಅನ್ನುವುದನ್ನೂ ಸೇರಿಸಿ.